ಬಿಸಿಗಾಳಿ ಯಂತ್ರಕ್ಕೆ ಹೆದರಿದವರು

ಕೆಲವರ ಮನೆಯಲ್ಲಿ ಯಾವಾಗ ನೋಡಿದರೂ ಹಾಲು ಉಕ್ಕುತ್ತಿರುತ್ತದೆ. ಕೆಲವರ ಮನೆಯಲ್ಲಿ ಕೀಲಿಕೈ ಕಳೆಯುತ್ತಿರುತ್ತದೆ. ನನ್ನ ಪಾಲಿಗೆ ಬಂದದ್ದು ಜನ ಬೆಚ್ಚಿಬೀಳುವುದು. ಯಾರನ್ನೂ ಹೆದರಿಸಬೇಕೆಂದು ನಾನು ಹೊರಟವಳಲ್ಲ. ಮಸ್ಕಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಸಿಂಧನೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ, ಸಂಜೆ ಮನೆಗೆ ಬಂದು ಕಾಯಿಪಲ್ಲೆ ಹೆಚ್ಚುತ್ತೇನೆ. ಆದರೆ ಮೂರು ವರ್ಷದ ಹಿಂದೆ ಮನೆಯಲ್ಲಿ ಒಂದು ಯಂತ್ರ ಮಾಡಿದೆ. ಅಂದಿನಿಂದ ಎಲ್ಲೋ ಒಂದು ಕಡೆ ಯಾರಾದರೂ ನನ್ನಿಂದಾಗಿ ಬೆವರುವುದು ತಪ್ಪಿಲ್ಲ.

ಪುಸ್ತಕದಲ್ಲಿ ಅದರ ಹೆಸರು ಸ್ಟರ್ಲಿಂಗ್ ಎಂಜಿನ್. ನಮ್ಮ ಮನೆಯಲ್ಲಿ ಅದರ ಹೆಸರು ‘ಅದು’. ಒಂದು ಡಬ್ಬಿಯೊಳಗೆ ಗಾಳಿಯನ್ನು ಮುಚ್ಚಿಟ್ಟು, ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪು ಇರುವ ಹಾಗೆ ನೋಡಿಕೊಂಡರೆ, ಒಳಗಿನ ಗಾಳಿ ಹಿಗ್ಗಿ ಕುಗ್ಗಿ ಒಂದು ಚಕ್ರವನ್ನು ತಿರುಗಿಸುತ್ತದೆ. ಅಷ್ಟೇ. ನನ್ನದು ಹಾಲಿನ ಪುಡಿಯ ಡಬ್ಬಿ, ಪಾತ್ರೆ ತಿಕ್ಕುವ ಸ್ಟೀಲ್ ಜುಂಗು, ಬಲೂನಿನ ರಬ್ಬರು, ಸೈಕಲ್ಲಿನ ಕಡ್ಡಿ ಸೇರಿ ಆದದ್ದು. ಎರಡು ಹಳೆಯ ಸಿಡಿಗಳೇ ಚಕ್ರ. ಪೆಟ್ರೋಲ್ ಬೇಡ, ಕರೆಂಟ್ ಬೇಡ, ಹೊಗೆ ಇಲ್ಲ. ಒಮ್ಮೆ ಬೆರಳಿಂದ ತಳ್ಳಿದರೆ ಸಾಕು, ಕೆಲವೊಮ್ಮೆ ಬೀಸುವ ಗಾಳಿಯೇ ಆ ಕೆಲಸ ಮಾಡಿಬಿಡುತ್ತದೆ. ಆಮೇಲೆ ತಾನೇ ತಿರುಗುತ್ತದೆ, ಸದ್ದಿಲ್ಲದೆ. ಆ ಸದ್ದಿಲ್ಲದಿರುವುದೇ ಎಲ್ಲದಕ್ಕೂ ಮೂಲ.

೧. ಜವಾನರ ಉಪಚಾರ

ಮೊದಲ ಯಂತ್ರ ಹತ್ತು ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಚಕ್ರ ಒಂದು ಕಡೆ ಭಾರ. ಎದುರು ಬದಿಗೆ ಮೇಣದ ಚೂರು ಹಚ್ಚಬೇಕು, ಆದರೆ ಎಲ್ಲಿ, ಎಷ್ಟು ಎನ್ನುವುದೇ ಹತ್ತುತ್ತಿರಲಿಲ್ಲ. ಎಂಟು ದಿನ ಹಚ್ಚಿದೆ, ಕೆರೆದೆ, ಮತ್ತೆ ಹಚ್ಚಿದೆ. ಒಂದು ಶನಿವಾರ ಬೇಸತ್ತು, ಶಾಲೆಯ ಸ್ಟಾಫ್ ರೂಮಿನ ಕಿಟಕಿಯ ಕಲ್ಲಿನ ಮೇಲೆ ಅದನ್ನಿಟ್ಟು ಬಸ್ ಹಿಡಿದೆ. ಆ ಕಿಟಕಿಯ ಕೆಳಗೊಂದು ಕುರ್ಚಿ ಇದೆ. ತೀರಿಹೋದ ಡ್ರಾಯಿಂಗ್ ಮಾಸ್ತರರದು. ಯಾರೂ ಅದರಲ್ಲಿ ಕೂರುವುದಿಲ್ಲ, ಯಾರೂ ಅದನ್ನು ಎತ್ತಿಡುವುದೂ ಇಲ್ಲ.

ಬಸ್ಸು ಊರು ದಾಟುವಷ್ಟರಲ್ಲಿ ನಮ್ಮ ಜವಾನರ ಫೋನ್ ಬಂತು. ನಿವೃತ್ತಿಗೆ ಹತ್ತಿರವಿದ್ದ ಹಿರಿಯರು, ಮಾತು ಕಡಿಮೆ.

“ಮೇಡಮ್ಮರ, ಎಲ್ಲಿದ್ದೀರಿ?”

ಬಸ್ಸಿನಲ್ಲಿದ್ದೇನೆ ಅಂದೆ.

“ಹಂಗಾದ್ರ ಒಳಗ ಯಾರದಾರ್ರಿ?”

ಬೀಗ ಹಾಕಲು ಬಂದವರು ಖಾಲಿ ಕೋಣೆಯಲ್ಲಿ, ಖಾಲಿ ಕುರ್ಚಿಯ ತಲೆಯ ಮೇಲೆ, ಚಕ್ರವೊಂದು ತಾನೇ ತಿರುಗುವುದನ್ನು ಕಂಡಿದ್ದರು. ಗಾಳಿ ಇರಲಿಲ್ಲ. ಬಿಸಿಲಿಗೆ ಕಿಟಕಿಯ ಕಲ್ಲು ಕಾದಿದೆ, ನೀವು ಬಾಗಿಲು ತೆಗೆದಾಗಿನ ಗಾಳಿಗೆ ಹೊರಟಿದೆ, ಹತ್ತು ಸುತ್ತಿಗೆ ನಿಲ್ಲುತ್ತದೆ ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಅವರು ಹೌದ್ರಿ, ಹೌದ್ರಿ ಎನ್ನುತ್ತಿದ್ದರೇ ಹೊರತು ಆ ದನಿಯಲ್ಲಿ ನಂಬಿಕೆ ಇರಲಿಲ್ಲ.

ಸೋಮವಾರ ಹೋಗಿ ನೋಡಿದರೆ ಡಬ್ಬಿಗೆ ಅರಿಷಿಣ ಬಳಿದಿತ್ತು, ಎದುರಿಗೆ ಹೋಳು ಮಾಡಿದ ನಿಂಬೆಹಣ್ಣಿತ್ತು, ಚಕ್ರದ ಮೇಲೆ ಒಂದು ಕಡೆ ಕುಂಕುಮದ ದಪ್ಪ ಮುದ್ದೆ ಒಣಗಿ ಅಂಟಿತ್ತು. ಒರೆಸುವ ಮೊದಲು ಏನೋ ಅನ್ನಿಸಿ ಕೆಳಗೆ ಮೇಣದಬತ್ತಿ ಹಚ್ಚಿ ಬೆರಳಿಂದ ತಳ್ಳಿದೆ. ಚಕ್ರ ಒಂದಿಷ್ಟೂ ಓಲಾಡದೆ ಎರಡು ಪೀರಿಯಡ್ ತಿರುಗಿತು. ಎಂಟು ದಿನ ನನಗೆ ಸಿಗದ ತೂಕ ಅವರ ಹೆಬ್ಬೆರಳಿಗೆ ಒಂದೇ ಸಲಕ್ಕೆ ಸಿಕ್ಕಿತ್ತು. ನಾನು ನೋಟ್‌ಬುಕ್ ಹಿಡಿದುಕೊಂಡು ಹೋಗಿ, ಕುಂಕುಮ ಎಷ್ಟು ಹಚ್ಚಿದಿರಿ, ಇನ್ನೊಂದು ಯಂತ್ರಕ್ಕೂ ಅಳತೆ ಬೇಕು ಎಂದು ಕೇಳಿದೆ.

ಅವರು ಯೋಚನೆ ಮಾಡಿ ಹೇಳಿದರು: “ಅಂಜಿಕಿ ಇದ್ದಷ್ಟುರೀ.”

೨. ಅತ್ತೆಯ ಮಧ್ಯಾಹ್ನ

ಸಿಂಧನೂರಿನ ನಮ್ಮ ಮನೆಯಲ್ಲಿ ಗ್ಯಾಸ್ ಇದೆ. ಆದರೆ ನಮ್ಮ ಅತ್ತೆಗೆ ಜೋಳದ ರೊಟ್ಟಿ ಕಟ್ಟಿಗೆಯ ಒಲೆಯ ಮೇಲೇ ಆಗಬೇಕು. ಹಿತ್ತಲಲ್ಲಿ ಮಣ್ಣಿನ ಒಲೆ. ರೊಟ್ಟಿ ಮುಗಿದ ಮೇಲೂ ಬೂದಿಯ ಕೆಳಗಿನ ಕೆಂಡ ಮಧ್ಯಾಹ್ನ ಮೂರರವರೆಗೆ ಬಿಸಿ ಇರುತ್ತದೆ. ಆ ಬಿಸಿ ಸುಮ್ಮನೆ ಹೋಗುತ್ತಿದೆಯಲ್ಲ ಎಂದು ಶಾಲೆಗೆ ಹೋಗುವ ಮೊದಲು ‘ಅದನ್ನು’ ಒಲೆಯ ಮೇಲಿಟ್ಟು ತಳ್ಳಿ ಹೋಗುವ ರೂಢಿ ಮಾಡಿಕೊಂಡೆ. ಎಷ್ಟು ಹೊತ್ತು ಓಡುತ್ತದೆ ನೋಡೋಣ ಎಂದು. ಆಗ ಕಡ್ಡಿಯೊಂದು ಸ್ವಲ್ಪ ಬಾಗಿ ಪ್ರತಿ ಸುತ್ತಿಗೂ ಟಿಕ್ ಎನ್ನುತ್ತಿತ್ತು.

ಅತ್ತೆಯ ಮಟ್ಟಿಗೆ ಆ ಸದ್ದು ಬರೀ ಸದ್ದಲ್ಲ ಎನ್ನುವುದು ನನಗೆ ಹೊಳೆದಿರಲಿಲ್ಲ. ಮಾವ ತೀರಿಕೊಂಡು ಒಂದು ವರ್ಷವಾಗಿತ್ತು. ಬದುಕಿದ್ದಾಗ ಅವರು ಅದೇ ಹಿತ್ತಲಲ್ಲಿ ಕೂತು ಮಧ್ಯಾಹ್ನವೆಲ್ಲ ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ಟಿಕ್. ಟಿಕ್.

ಒಂದು ದಿನ ಶಾಲೆ ಬೇಗ ಬಿಟ್ಟಿತು. ಮನೆಗೆ ಬಂದರೆ ಪಡಸಾಲೆಯಲ್ಲಿ ಯಾರೂ ಇಲ್ಲ. ಹಿತ್ತಲಿನಿಂದ ಅತ್ತೆಯ ದನಿ ಕೇಳಿತು. ಬಾಗಿಲ ಸಂದಿಯಿಂದ ನೋಡಿದೆ. ಒಲೆಗೆ ಮುಖ ಮಾಡಿ, ಕಾಲು ಚಾಚಿ ಕೂತಿದ್ದರು. ಮಗ ಹೊಲಕ್ಕೆ ಹೊಸ ಮೋಟರ್ ಕೂಡಿಸಿದ್ದು, ಪಕ್ಕದ ಮನೆಯವಳಿಗೆ ಹೆಣ್ಣು ಹುಟ್ಟಿದ್ದು, ಎಲ್ಲವನ್ನೂ ಒಂದೊಂದಾಗಿ ಹೇಳುತ್ತಿದ್ದರು. ನಡುನಡುವೆ ನಿಲ್ಲಿಸುತ್ತಿದ್ದರು, ಎದುರಿನವರಿಗೆ ಮಾತಾಡಲು ಬಿಟ್ಟ ಹಾಗೆ. ಆ ಬಿಡುವಿನಲ್ಲಿ ಟಿಕ್ ಟಿಕ್ ಎನ್ನುವುದಷ್ಟೇ ಕೇಳುತ್ತಿತ್ತು. ಆಮೇಲೆ ಟ್ರಂಕಿನ ಕೀಲಿ ಎಲ್ಲಿಟ್ಟಿದ್ದೀ ಎಂದು ಹೇಳದೆ ಹೋದೆಯಲ್ಲ ಎಂದು ಬೈದರು. ಅದೇ ಹೊತ್ತಿಗೆ ಕೆಂಡವೊಂದು ಕುಸಿದಿರಬೇಕು, ಸದ್ದು ಜೋರಾಯಿತು. ಅತ್ತೆ ತಲೆಯಾಡಿಸಿದರು. “ಖರೇ ಹೇಳಿದ್ರ ಸಿಟ್ಟು ಬರತೈತಿ ನಿನಗ.”

ಸ್ವಲ್ಪ ಹೊತ್ತಿಗೆ ಕೆಂಡ ಆರುತ್ತಾ ಬಂದು ಸದ್ದು ನಿಧಾನವಾಯಿತು. ಅತ್ತೆ ಸೆರಗು ಸರಿಮಾಡಿಕೊಂಡು, ಹೊಂಟಿಯೇನು, ಆತು, ನಾಳೆ ರೊಟ್ಟಿ ಆದ ಮೇಲೆ ಬಾ ಎಂದರು. ಚಕ್ರ ನಿಂತಿತು.

ಆ ಸಂಜೆಯೆಲ್ಲ ನನಗೆ ಸಂಕಟ. ನನ್ನ ಆಟದ ಸಾಮಾನು ಒಬ್ಬ ಮುದುಕಿಯ ದುಃಖದೊಳಗೆ ಹೊಕ್ಕುಬಿಟ್ಟಿತ್ತು. ಹೇಳದೆ ಇದ್ದರೆ ಮೋಸ, ಹೇಳಿದರೆ ಇನ್ನೊಂದು ಸಾವು. ಕೊನೆಗೆ ಅವರ ಪಕ್ಕ ಕೂತು, ಅದು ಮಾವ ಅಲ್ಲ, ನಾನು ಮಾಡಿದ ಯಂತ್ರ, ಬಿಸಿಗಾಳಿಗೆ ತಿರುಗುತ್ತದೆ ಎಂದು ತಡವರಿಸುತ್ತಾ ಹೇಳಿದೆ.

ಅತ್ತೆ ನನ್ನನ್ನೇ ನೋಡಿದರು. “ಗೊತ್ತೈತವಾ. ನೀ ಡಬ್ಬಿ ಕುಟ್ಟಿ ಕುಟ್ಟಿ ಮಾಡಿದ್ದು ನಾ ನೋಡೀನಿ.”

ಮತ್ತೆ ಮಾತಾಡುತ್ತಿದ್ದದ್ದು ಯಾಕೆ ಎಂದು ಕೇಳಿದೆ.

“ನಿಮ್ಮ ಮಾವ ನಾ ಬಾಯಿ ತೆಗೆದ್ರ ಎದ್ದು ಹೊಂಟು ಹೋಗ್ತಿದ್ದ. ಇದು ಇಟ್ಟಲ್ಲಿ ಇರತೈತಿ.” ಒಳಗೆ ಹೋಗುತ್ತಿದ್ದವರು ಬಾಗಿಲಲ್ಲಿ ತಿರುಗಿ ನಿಂತರು. “ಒಂದೀಟು ಎಣ್ಣಿ ಹಾಕು. ಇತ್ತಿತ್ಲಾಗ ಭಾಳ ಎದುರು ಮಾತಾಡಾಕತ್ತೈತಿ.”

೩. ಮಟಮಟ ಮಧ್ಯಾಹ್ನದವನು

ನಮ್ಮ ಯಜಮಾನರದು ತುರ್ವಿಹಾಳದ ಹತ್ತಿರ ಕಾಲುವೆ ನೀರಿನ ಭತ್ತದ ಗದ್ದೆ. ನಿನ್ನ ಯಂತ್ರ ಬರೀ ಗರಗರ ತಿರುಗುತ್ತದೆ, ಅದರ ಕೈಲಿ ಒಂದು ಕೆಲಸ ಮಾಡಿಸಿ ತೋರಿಸು ಎಂದು ಅವರು ಕೆಣಕಿದರು. ತೆನೆ ಹಾಲುಗಟ್ಟಿತ್ತು, ಹಕ್ಕಿಗಳ ಕಾಟ ಶುರುವಾಗಿತ್ತು. ಕೈ ಎತ್ತಿ ಇಳಿಸುವ ಬೆದರುಬೊಂಬೆ ಮಾಡುತ್ತೇನೆ ಅಂದೆ.

ಈ ಸಲ ದೊಡ್ಡ ಎಣ್ಣೆ ಡಬ್ಬಿ ತೊಗೊಂಡೆ. ಹಳೆಯ ಟಿವಿ ಡಿಶ್ಶಿಗೆ ಹೊಳೆಯುವ ಕಾಗದ ಅಂಟಿಸಿ, ಬಿಸಿಲನ್ನು ಡಬ್ಬಿಯ ಕಪ್ಪು ತಳಕ್ಕೆ ಬೀಳುವಂತೆ ಮಾಡಿದೆ. ಚಕ್ರಕ್ಕೆ ರಬ್ಬರ್ ಪಟ್ಟಿ ಹಾಕಿ ಅದರ ವೇಗವನ್ನು ತಗ್ಗಿಸಿ, ಸೀಳಿದ ಬಿದಿರಿನ ಹಗುರ ಕೈಗೆ ತಂತಿ ಕಟ್ಟಿದೆ. ತಲೆಗೆ ಒಂದು ಮಡಕೆ, ಮೈಗೆ ಯಜಮಾನರ ಬಿಳಿ ಅಂಗಿ. ಯಂತ್ರ, ಡಿಶ್ಶು ಎರಡೂ ಅವನ ಬೆನ್ನ ಹಿಂದೆ. ಒಂದೇ ಕೊರತೆ: ಡಿಶ್ಶು ಅಲುಗುತ್ತಿರಲಿಲ್ಲ, ಸೂರ್ಯ ಅಲುಗುತ್ತಿದ್ದ. ಹಾಗಾಗಿ ಬೊಂಬೆ ಬೆಳಗಿನಿಂದ ಸುಮ್ಮನೆ ನಿಂತಿದ್ದು, ಸೂರ್ಯ ನೆತ್ತಿಗೆ ಬಂದಾಗ ಮಾತ್ರ ಕೈ ಎತ್ತುತ್ತಿತ್ತು. ನಿಧಾನಕ್ಕೆ ಮೇಲೆ, ನಿಧಾನಕ್ಕೆ ಕೆಳಗೆ. ಮಟಮಟ ಮಧ್ಯಾಹ್ನ ನಮ್ಮ ಕಡೆ ಯಾರ ಹೊತ್ತು ಎನ್ನುವುದನ್ನು ನಾನು ಲೆಕ್ಕಕ್ಕೆ ತೊಗೊಂಡಿರಲಿಲ್ಲ.

ಮೊದಲು ಕಂಡವರು ಪಕ್ಕದ ಗದ್ದೆಯಲ್ಲಿ ಕೆಲಸಕ್ಕೆ ಬಂದಿದ್ದ ಹೆಣ್ಣುಮಕ್ಕಳು. ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದರು. ಒಂದು ಎಲೆಯೂ ಅಲುಗದ ಹೊತ್ತು. ಬೆಳಗಿನಿಂದ ಕಲ್ಲಿನಂತೆ ನಿಂತಿದ್ದ ಆ ಬಿಳಿ ಅಂಗಿಯವನು ಇವರ ಕಡೆ ಮೆಲ್ಲಗೆ ಕೈ ಎತ್ತಿದ. ಒಬ್ಬಳು ಎದ್ದು ನಡೆದಳು. ಉಳಿದವರು ಯಾಕೆ ಎಂದು ಕೇಳಲೂ ಇಲ್ಲ, ಅವಳ ಹಿಂದೆ ಹೊರಟರು. ಬುತ್ತಿ ಅಲ್ಲೇ ಉಳಿಯಿತು.

ಅದರ ಮರುದಿನ ಸಿಂಧನೂರಿನ ಬಸ್ಸು. ರಸ್ತೆಬದಿಯಲ್ಲಿ ಯಾರೋ ಕೈ ತೋರಿಸುತ್ತಿದ್ದಾರೆ ಎಂದು ಡ್ರೈವರು ನಿಲ್ಲಿಸಿದ. ಕಂಡಕ್ಟರು ಕೂಗಿದ. ಆ ಮನುಷ್ಯ ಬರುತ್ತಲೂ ಇಲ್ಲ, ಕೈ ಇಳಿಸಿ ಸುಮ್ಮನಾಗುತ್ತಲೂ ಇಲ್ಲ. ಬೈಯುವುದಕ್ಕೆಂದು ಕಂಡಕ್ಟರು ಇಳಿದು ಬದುವಿನ ಮೇಲೆ ನಡೆದುಹೋದ. ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟ. ಮುಖ ನೋಡಿದರೆ ಮುಖವೇ ಇಲ್ಲ. ಆಗಲೇ ಆ ಬಿದಿರಿನ ಕೈ ಅವನ ತೋಳಿಗೆ ತಾಗಿಕೊಂಡು ಮೆಲ್ಲಗೆ ಮೇಲೇರಿತು. ಬಸ್ಸಿನಲ್ಲಿದ್ದವರು ಆಮೇಲೆ ಹೇಳಿದ್ದು: ಕಂಡಕ್ಟರು ವಾಪಸು ಬಂದಾಗ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ, ಸಿಂಧನೂರು ಮುಟ್ಟುವವರೆಗೆ ಯಾರಿಗೂ ಟಿಕೆಟ್ ಕೇಳಲಿಲ್ಲ.

ವಾರ ಕಳೆದ ಮೇಲೆ ಯಜಮಾನರು ಬೊಂಬೆಯನ್ನು ಕಿತ್ತು ಮನೆಗೆ ತಂದರು. ಪಡಸಾಲೆಯಲ್ಲಿ ನಿಲ್ಲಿಸಿ ನನಗೆ ವರದಿ ಒಪ್ಪಿಸಿದರು.

“ಆಳು ಬರಾಕ ಒಲ್ಲೆ ಅಂತಾರ. ಬಸ್ಸು ನಿಂದ್ರಂಗಿಲ್ಲ. ಬಾಜೂ ಗದ್ದಿಯಾಂವ ದಾರಿ ಬದಲಿ ಮಾಡ್ಯಾನ. ಹಕ್ಕಿ ಮಾತ್ರ ಮೊದಲು ಬರೇ ಕಾಳು ತಿನ್ನಾಕ ಬರ್ತಿದ್ವು. ಈಗ ಆ ಕೈ ಮ್ಯಾಲೆ ಜೋಕಾಲಿ ಆಡಾಕ ಮರಿ ಕರಕೊಂಡು ಬರ್ತಾವ.”

೪. ತಣ್ಣನೆಯ ಕೈ

ಇಷ್ಟಾದ ಮೇಲೆ ದೊಡ್ಡದು ಬೇಡ, ಸಣ್ಣದೇ ಚೆನ್ನ ಎಂದು ಅಂಗೈಯಗಲದ ಯಂತ್ರವೊಂದನ್ನು ಮಾಡಿದೆ. ಎರಡು ತೆಳ್ಳನೆಯ ಅಲ್ಯೂಮಿನಿಯಂ ತಗಡು, ನಡುವೆ ಪ್ಲಾಸ್ಟಿಕ್ ಬಳೆ, ಮೇಲೊಂದು ಗಾಜಿನ ಸಿರಿಂಜು, ಚಿಕ್ಕ ಚಕ್ರ. ಇದಕ್ಕೆ ಬೆಂಕಿಯೂ ಬೇಡ. ಮೇಲೆ ಒದ್ದೆ ಬಟ್ಟೆ ಹಾಸಿ ಅಂಗೈಯಲ್ಲಿ ಹಿಡಿದರೆ ಮೈಯ ಬಿಸಿಗೇ ತಿರುಗುತ್ತದೆ.

ಫೆಬ್ರುವರಿಯ ಕೊನೆಗೆ ಲಿಂಗಸೂಗೂರಿನಲ್ಲಿ ಶಿಕ್ಷಕರ ವಿಜ್ಞಾನ ಪ್ರದರ್ಶನವಿತ್ತು. ನನ್ನ ಮೇಜಿನ ಮುಂದೆ ಮೂವರು ತೀರ್ಪುಗಾರರು ನಿಂತರು. ಮೊದಲನೆಯವರ ಅಂಗೈಯಲ್ಲಿಟ್ಟೆ, ತಿರುಗಿತು. ಎರಡನೆಯವರ ಅಂಗೈಯಲ್ಲಿಟ್ಟೆ, ತಿರುಗಿತು. ಜೀವ ಇರೋ ಕೈಯ ಬಿಸಿ ಸಾಕುರೀ, ಬೇರೆ ಏನೂ ಬೇಡ ಎಂದು ನಾನು ಜಂಬದಿಂದ ಹೇಳಿದೆ. ಮೂರನೆಯವರು ಎಲ್ಲರಿಗಿಂತ ಹಿರಿಯರು, ತೆಳ್ಳಗೆ, ಬೆಳ್ಳಗೆ ಇದ್ದರು. ಅವರು ಕೈ ಚಾಚಿದರು, ಇಟ್ಟೆ. ಚಕ್ರ ಅಲ್ಲಾಡಲಿಲ್ಲ. ಬೆರಳಿಂದ ತಳ್ಳಿದೆ. ಅರ್ಧ ಸುತ್ತು ಹೋಗಿ ನಿಂತಿತು.

ಪಕ್ಕದಲ್ಲಿದ್ದ ಇಬ್ಬರು ತೀರ್ಪುಗಾರರು ಅವರಿಂದ ಒಂದೊಂದು ಹೆಜ್ಜೆ ಸರಿದರು. ಹಿಂದಿನಿಂದ ಯಾರೋ ಅವರ ನೆರಳು ಬಿದ್ದಿದೆಯೇ ಎಂದು ನೆಲ ನೋಡಿದ್ದನ್ನು ನಾನು ಕಣ್ಣಾರೆ ಕಂಡೆ. ಹಿರಿಯರು ತಮ್ಮ ಅಂಗೈಯನ್ನು ತಾವೇ ಬಹಳ ಹೊತ್ತು ದಿಟ್ಟಿಸಿದರು. ಅಷ್ಟೊತ್ತಿನವರೆಗೆ ಅದೇ ಕೈಯಲ್ಲಿ ಐಸಿನಂಥ ಸೋಡಾ ಬಾಟಲಿ ಹಿಡಿದಿದ್ದರು ಎನ್ನುವುದು ಅವರಿಗೂ ಮರೆತುಹೋಗಿತ್ತು, ನನಗೆ ಗೊತ್ತೇ ಇರಲಿಲ್ಲ.

ಅವರು ನನಗೆ ಎರಡನೇ ಬಹುಮಾನ ಕೊಟ್ಟರು. ಕಾರಣದ ಜಾಗದಲ್ಲಿ ದುಂಡಗೆ ಬರೆದಿದ್ದರು: ಯಂತ್ರ ಚೆನ್ನಾಗಿದೆ, ಆದರೆ ನಾನು ಬದುಕಿದ್ದೇನೆ.

೫. ಪೆಟ್ಟಿಗೆಯ ಮೇಲೆ

ಅದೇ ದಿನ ಪ್ರದರ್ಶನ ಮುಗಿಯುವ ಹೊತ್ತಿಗೆ ಫೋನ್ ಬಂತು. ಲಿಂಗಸೂಗೂರಿನಲ್ಲೇ ಇದ್ದ ನಮ್ಮ ದೊಡ್ಡಪ್ಪ, ಅಂದರೆ ನನ್ನ ತಾಯಿಯ ಅಕ್ಕನ ಗಂಡ, ಬೆಳಗಿನ ಜಾವ ತೀರಿಕೊಂಡಿದ್ದರು. ಯಂತ್ರವನ್ನು ಕೈಚೀಲಕ್ಕೆ ತುರುಕಿ ನೇರ ಅಲ್ಲಿಗೆ ಹೋದೆ.

ಮಗಳು ದೂರದ ಊರಿನಿಂದ ಬರಬೇಕಾಗಿದ್ದರಿಂದ ಮೈಯನ್ನು ಬಾಡಿಗೆಯ ಫ್ರೀಜರ್ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಗಾಜಿನ ಮುಚ್ಚಳದ ಮೇಲೆ ಇಬ್ಬನಿಯಂತೆ ನೀರು ಕೂತಿತ್ತು. ದೊಡ್ಡವ್ವ ಗೋಡೆಗೆ ಒರಗಿ ಕೂತಿದ್ದಳು. ಅವಳ ಕಣ್ಣಲ್ಲಿ ನೀರಿಗಿಂತ ಹೆಚ್ಚಾಗಿ ಏನೋ ಸೋತ ಕಳೆ ಇತ್ತು. ಯಾಕೆಂದು ಆಮೇಲೆ ತಿಳಿಯಿತು. ದೊಡ್ಡಪ್ಪನಿಗೆ ಪಾಮನಕಲ್ಲೂರಿನ ತಮ್ಮ ಹೊಲದಲ್ಲಿ, ತಾವೇ ನೆಟ್ಟ ಬೇವಿನ ಮರದ ಕೆಳಗೆ ಮಣ್ಣಾಗುವ ಆಸೆ. ಅವರ ಇಬ್ಬರು ತಮ್ಮಂದಿರು ಒಪ್ಪುತ್ತಿರಲಿಲ್ಲ. ಆ ಹೊಲವನ್ನು ಮಾರುವ ಮಾತು ನಡೆದಿದೆ, ಗೋರಿ ಇದ್ದರೆ ಯಾರು ತೊಗೋತಾರೆ, ಊರ ರುದ್ರಭೂಮಿಯೇ ಸಾಕು ಎಂದು ತೀರ್ಮಾನ ಮಾಡಿಬಿಟ್ಟಿದ್ದರು. ದೊಡ್ಡವ್ವನನ್ನು ಯಾರೂ ಕೇಳಿರಲಿಲ್ಲ.

ನಾನು ಅವಳ ಪಕ್ಕ ಕೂತೆ. ಆ ಕಡೆ ಸಂಬಂಧಿಕರ ಹೆಂಗಸೊಬ್ಬಳು ಹೂವಿನ ಮಾಲೆಗಳಿಗೆ ಜಾಗ ಮಾಡಲು ನನ್ನ ಚೀಲ ಎತ್ತಿದಳು. ಅದರಿಂದ ಜಾರಿದ ಯಂತ್ರವನ್ನು ಹೊಸ ನಮೂನೆಯ ಊದಿನಕಡ್ಡಿ ಸ್ಟ್ಯಾಂಡು ಅಂದುಕೊಂಡು, ಎರಡು ಕಡ್ಡಿ ಹಚ್ಚಿ ಸಿಕ್ಕಿಸಿ, ಪೆಟ್ಟಿಗೆಯ ಗಾಜಿನ ಮೇಲೆ, ಸರಿಯಾಗಿ ದೊಡ್ಡಪ್ಪನ ಎದೆಯ ಮೇಲೆ ಬರುವ ಹಾಗೆ ಇಟ್ಟಳು. ನಾನು ನೋಡಿರಲಿಲ್ಲ. ನೋಡಿದ್ದು, ಭಜನೆ ನಡುವೆಯೇ ನಿಂತಾಗ.

ಚಕ್ರ ತಿರುಗುತ್ತಿತ್ತು. ಕೆಳಗೆ ಗಾಜು ತಣ್ಣಗೆ, ಮೇಲೆ ಜನ ತುಂಬಿದ ಕೋಣೆಯ ಬಿಸಿ. ಇದಕ್ಕೆ ಬೇಕಾದದ್ದು ಅಷ್ಟೇ ತಾನೆ. ಅಂಗೈಯ ಮೇಲೆ ತಿರುಗುವ ದಿಕ್ಕಿಗೆ ಅಲ್ಲ, ಉಲ್ಟಾ ತಿರುಗುತ್ತಿತ್ತು. ತಂಪಿನ ಮೇಲಿಟ್ಟರೆ ಹಾಗೇ ತಿರುಗಬೇಕು, ಅದು ನನಗೆ ಗೊತ್ತು. ಊದಿನಕಡ್ಡಿಯ ಹೊಗೆ ಚಕ್ರಕ್ಕೆ ಸುತ್ತಿಕೊಂಡು, ಕೆಳಗೆ ಗಾಜಿನಾಚೆ ಕಣ್ಣು ಮುಚ್ಚಿದ ದೊಡ್ಡಪ್ಪನ ಮುಖದ ಮೇಲೆ ಅದರ ನೆರಳು ಸುತ್ತುತ್ತಿತ್ತು.

ಓಣಿಯ ಹಿರಿಯರೊಬ್ಬರು ತಗ್ಗಿದ ದನಿಯಲ್ಲಿ ಹೇಳಿದರು. “ಜೀವ ಇಲ್ಲೇ ಸುತ್ತಾಕತ್ತೈತಿ. ಏನೋ ಮನಸಿನಾಗ ಇಟ್ಕೊಂಡಾನ. ಕೇಳ್ರಿ.”

ನಾನು ದೊಡ್ಡವ್ವನ ಕಿವಿಯಲ್ಲಿ ಪಿಸುಗುಟ್ಟಿದೆ. ಅದು ನನ್ನ ಯಂತ್ರ, ಪೆಟ್ಟಿಗೆಯ ತಂಪಿಗೆ ತಿರುಗುತ್ತಿದೆ, ಎದ್ದು ತೆಗೆದುಬಿಡುತ್ತೇನೆ ಅಂದೆ. ಅವಳು ನನ್ನ ಮುಂಗೈ ಹಿಡಿದಳು. ಮುದಿ ಕೈಯಲ್ಲಿ ಅಷ್ಟು ಬಲ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

“ಸುಮ್ನ ಕುಂದ್ರು. ತಂಪು ಹೋದ್ರ ನಿಂದ್ರತೈತೇನು?”

ಹೌದೆಂದು ತಲೆಯಾಡಿಸಿದೆ.

ಅಷ್ಟರಲ್ಲಿ ಹಿರಿಯರು ಪೆಟ್ಟಿಗೆಯ ಮುಂದೆ ಕೈ ಮುಗಿದು, ನಿನ್ನನ್ನು ಪಾಮನಕಲ್ಲೂರಿನ ಹೊಲಕ್ಕೆ ಒಯ್ಯಬೇಕಂದರೆ ಅದನ್ನು ನಿಲ್ಲಿಸಪ್ಪಾ ಎಂದು ಕೇಳಿದ್ದರು. ಚಕ್ರ ನಿಲ್ಲಲಿಲ್ಲ. ತಮ್ಮಂದಿರಿಬ್ಬರೂ ಹಗುರಾಗಿ ಉಸಿರು ಬಿಟ್ಟರು. ನೋಡ್ರಿ, ಅಣ್ಣಗೂ ಬ್ಯಾಡಾಗೈತಿ ಎಂದು ಕಿರಿಯವನು ಏಳಲು ಹೊರಟ.

ಆಗ ದೊಡ್ಡವ್ವ ಆ ದಿನ ಮೊದಲ ಸಲ ಜೋರಾಗಿ ಮಾತಾಡಿದಳು. “ಅವರು ಕೇಳಿದ ಕೂಡ್ಲೆ ಜವಾಬು ಕೊಟ್ಟವರಲ್ಲ. ನನ್ನ ನೋಡಾಕ ಬಂದು, ಹೂಂ ಅನ್ನಾಕ ನಾಕು ತಿಂಗಳು ತೊಗೊಂಡಾರ. ತಡೀರಿ.”

ಎಲ್ಲರೂ ಕೂತರು. ದೊಡ್ಡವ್ವ ಗೋಡೆಗೆ ಇನ್ನಷ್ಟು ಒರಗಿ, ಕೈ ಮೇಲೆತ್ತಿ ಗೋಡೆ ಹಿಡಿದು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಫ್ಯಾನು ನಿಧಾನವಾಗಿ ನಿಂತಿತು. ಕರೆಂಟ್ ಹೋಯಿತು ಎಂದು ಯಾರೋ ಅಂದರು, ಅದು ನಮ್ಮಲ್ಲಿ ಸುದ್ದಿಯೇನಲ್ಲ. ಗಂಡಸರು ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಕೂತರು. ಹತ್ತು ನಿಮಿಷ ಆಗಿರಬಹುದು, ಅರ್ಧ ತಾಸೂ ಆಗಿರಬಹುದು. ಚಕ್ರ ಒಂದು ಸುತ್ತು ತಡೆದು ತಿರುಗಿತು. ಮತ್ತೊಂದು. ಆಮೇಲೆ ಅರ್ಧ ಸುತ್ತು ಬಂದು, ಏನೋ ನೆನಪಾದ ಹಾಗೆ ನಿಂತುಬಿಟ್ಟಿತು.

ಕಿರಿಯ ತಮ್ಮ ಪೆಟ್ಟಿಗೆಯ ಕಾಲಿಗೆ ತಲೆ ಹಚ್ಚಿ ಅತ್ತ. ಆತು ಅಣ್ಣಾ, ಅಲ್ಲಿಗೇ ಒಯ್ತೀವಿ ಅಂದ. ಮಗಳು ಬಂದ ಮೇಲೆ, ಮರುದಿನ ಹೊತ್ತು ಮುಳುಗುವ ಮೊದಲು, ದೊಡ್ಡಪ್ಪ ಬೇವಿನ ಮರದ ಕೆಳಗೆ ಮಣ್ಣಾದರು. ಹೆಗಲು ಕೊಟ್ಟವರು ಅದೇ ಇಬ್ಬರು.

ವಿಜ್ಞಾನ ಕಲಿಸುವವಳು ಬಾಯಿ ಮುಚ್ಚಿ ಕೂತೆನಲ್ಲ ಎನ್ನುವುದು ನನ್ನನ್ನು ಕೊರೆಯುತ್ತಲೇ ಇತ್ತು. ಕೆಲವು ದಿನ ಬಿಟ್ಟು ದೊಡ್ಡವ್ವನ ಹತ್ತಿರ ಹೋದೆ. ಅವತ್ತು ಸರಿಯಾದ ಹೊತ್ತಿಗೆ ಕರೆಂಟ್ ಹೋಗಿ ಪೆಟ್ಟಿಗೆಯ ತಂಪು ಇಳಿಯಿತು, ಅಷ್ಟೇ, ಪುಣ್ಯ ಕರೆಂಟಿನದು ಅಂದೆ.

ದೊಡ್ಡವ್ವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಕರೆಂಟ್ ಎಲ್ಲಿ ಹೋಗಿತ್ತು? ಬಟನ್ ನನ್ನ ತಲಿ ಮ್ಯಾಲೇ ಇತ್ತಲ್ಲ. ನಾನಾ ಬಂದ್ ಮಾಡಿದೆ.”

ನನಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು. ಯಾವ ಬಟನ್ ಎಂದು ಕೇಳಿದೆ. ಅವಳು ಕೂತಲ್ಲಿಂದಲೇ ಕೈ ಎತ್ತಿ ತೋರಿಸಿದಳು. ನಾನು ಸುಮ್ಮನೆ ಅದನ್ನು ಒತ್ತಿದೆ.

ತಲೆಯ ಮೇಲೆ ಫ್ಯಾನು ತಿರುಗತೊಡಗಿತು.

ಇಬ್ಬರೂ ಮೇಲೆ ನೋಡಿದೆವು. ಪೆಟ್ಟಿಗೆಯ ವೈರು ಕಿಟಕಿಯಿಂದ ಪಕ್ಕದ ಮನೆಗೆ ಹೋಗಿದ್ದದ್ದು ನನಗೆ ಆಗ ನೆನಪಾಯಿತು. ಪೆಟ್ಟಿಗೆ ಅವತ್ತು ಒಂದು ಕ್ಷಣವೂ ಬಂದಾಗಿರಲಿಲ್ಲ. ಫ್ಯಾನು ನಿಂತದ್ದರಿಂದ ಮೇಲಿನ ಬಿಸಿಗಾಳಿ ಯಂತ್ರಕ್ಕೆ ತಗಲದೆ, ಅದು ಪೂರಾ ತಣ್ಣಗಾಗಿ ನಿಂತಿರಬಹುದು. ಇರಬಹುದು ಎಂದೇ ಹೇಳಬೇಕು ಅಂದುಕೊಂಡೆ.

ದೊಡ್ಡವ್ವ ಮಾತ್ರ ತಿರುಗುವ ಫ್ಯಾನನ್ನು ಬಹಳ ಹೊತ್ತು ನೋಡಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

“ಅದಕ್ಕ ಅವತ್ತು ಅಷ್ಟು ಸೆಕಿ ಆಗಿತ್ತು ನೋಡು.”